ದಿಲ್ಲಿಯ ಇರುಳು ಮತ್ತು ದಾರಿಯ ಹೊಣೆ

ದಿಲ್ಲಿಯಲ್ಲಿ ಹೊತ್ತು ಮುಳುಗಿದ ಮೇಲೆ ಹೊರಗೆ ತಿರುಗಾಡುವುದು ಕ್ಷೇಮವೇ ಎಂಬ ಪ್ರಶ್ನೆಗೆ ಸುಮಾರು ಏಳುನೂರ ಐವತ್ತು ವರ್ಷಗಳ ಇತಿಹಾಸವಿದೆ. ಜಿಯಾಉದ್ದೀನ್ ಬರನಿಯು ೧೩೫೭ರಲ್ಲಿ ಮುಗಿಸಿದ ತನ್ನ ‘ತಾರೀಖ್-ಇ-ಫಿರೋಜ್ ಶಾಹಿ’ಯಲ್ಲಿ, ಇಲ್ತಮಿಷನ ಮಕ್ಕಳ ದುರ್ಬಲವಾದ ಆಳ್ವಿಕೆಯ ಕಾಲದ ದಿಲ್ಲಿಯನ್ನು ವರ್ಣಿಸಿದ್ದಾನೆ. ನಗರದ ಸುತ್ತ ದಟ್ಟವಾಗಿ ಬೆಳೆದಿದ್ದ ಕಾಡಿನಿಂದ ಮೇವಾತಿಗಳು ರಾತ್ರಿಯ ವೇಳೆ ಒಳನುಗ್ಗಿ ಮನೆಗಳನ್ನು ಒಡೆಯುತ್ತಿದ್ದರಂತೆ; ಹೊರವಲಯದ ಸರಾಯಿಗಳನ್ನು ಕೊಳ್ಳೆ ಹೊಡೆಯುತ್ತಿದ್ದರಂತೆ. ಪಶ್ಚಿಮದಿಕ್ಕಿನ ಬಾಗಿಲುಗಳನ್ನು ಮಧ್ಯಾಹ್ನೋತ್ತರದ ನಮಾಜಿನ ಹೊತ್ತಿಗೇ ಮುಚ್ಚಿಬಿಡಬೇಕಾಗಿತ್ತು. ಆಮೇಲೆ ಗೋರಿಗಳ ದರ್ಶನಕ್ಕಾಗಲಿ, ಕೆರೆಯ ದಂಡೆಯ ಮೇಲಿನ ವಿಹಾರಕ್ಕಾಗಲಿ ಹೋಗುವ ಧೈರ್ಯ ಯಾರಿಗೂ ಇರಲಿಲ್ಲ. ಸುಲ್ತಾನನ ಕೆರೆಗೆ ನೀರಿಗೆಂದು ಬಂದ ಭಿಸ್ತಿಗಳನ್ನೂ ದಾಸಿಯರನ್ನೂ ತಡೆದು, ಉಟ್ಟ ಬಟ್ಟೆಯನ್ನೂ ಸುಲಿದುಕೊಂಡು ಹೋಗುತ್ತಿದ್ದರೆಂದು ಬರನಿ ಹೇಳುತ್ತಾನೆ. ದಿಲ್ಲಿಯ ಇರುಳಿನ ಭಯದ ಈ ಹಳೆಯ ವರ್ಣನೆಯಲ್ಲಿಯೇ, ಕೆಲಸದ ನಿಮಿತ್ತ ಹೊರಗೆ ಬರಲೇಬೇಕಾದ ಬಡ ಹೆಂಗಸರು ಕಾಣಿಸಿಕೊಂಡಿರುವುದು ಗಮನಾರ್ಹವಾಗಿದೆ.

ಬಾಗಿಲು ಮುಚ್ಚಿಕೊಂಡು ಒಳಗಿರುವುದು ಆಗ ನಗರಕ್ಕೆ ತೋರಿದ ಉಪಾಯ. ೧೨೬೬ರಲ್ಲಿ ಪಟ್ಟವೇರಿದ ಬಲ್ಬನನು ಬೇರೊಂದು ಮಾರ್ಗವನ್ನು ಹಿಡಿದನು. ಕಾಡನ್ನು ಕಡಿಸಿದನು, ಗೋಪಾಲಗಿರಿಯಲ್ಲಿ ಕೋಟೆಯನ್ನು ಕಟ್ಟಿಸಿ, ನಗರದ ಸುತ್ತ ಠಾಣೆಗಳನ್ನಿಟ್ಟು, ಅವುಗಳನ್ನು ಆಫ್ಘನರ ವಶಕ್ಕೆ ಒಪ್ಪಿಸಿದನು. ದಾರಿಗಳು ತೆರೆದವು. ಆದರೆ ಈ ಕಾರ್ಯದಲ್ಲಿ ಮೇವಾತಿಗಳ ಭೀಕರ ಸಂಹಾರವೂ ನಡೆಯಿತು. ಅವರ ಪಕ್ಷದ ಮಾತನ್ನು ಬರೆದಿಟ್ಟವರಿಲ್ಲವಾದುದರಿಂದ, ಬರನಿಯ ಒಂದು ಮುಖದ ಸಾಕ್ಷ್ಯವನ್ನು ಎಚ್ಚರದಿಂದಲೇ ಸ್ವೀಕರಿಸಬೇಕಾಗುತ್ತದೆ. ಅಷ್ಟಾದರೂ ಒಂದು ಮಾತು ಉಳಿಯುತ್ತದೆ. ಜನರು ಮನೆಯೊಳಗಿರಲಿ ಎಂಬುದು ಒಂದು ನೀತಿ. ದಾರಿಯನ್ನು ಅರಸನು ಕಾಯಲಿ ಎಂಬುದು ಇನ್ನೊಂದು ನೀತಿ. ಈ ಎರಡು ನೀತಿಗಳ ಜಗ್ಗಾಟ ದಿಲ್ಲಿಯಲ್ಲಿ ಅಂದಿನಿಂದ ನಿಂತಿಲ್ಲ.

ಇಲ್ಲಿ ಪರಿಶೀಲಿಸಬೇಕಾದ ಅಂಶವೆಂದರೆ, ದಾರಿಹೋಕನಿಗೆ ಕೇಡಾದಾಗ ಅದರ ಹೊಣೆ ಯಾರ ತಲೆಗೆ ಬರುತ್ತಿತ್ತು ಎಂಬುದು. ೧೫೪೦ರಿಂದ ೧೫೪೫ರ ವರೆಗೆ ಆಳಿದ ಶೇರಶಹನು ಹೆದ್ದಾರಿಗಳಲ್ಲಿ ಎರಡೆರಡು ಕ್ರೋಶಗಳಿಗೊಂದರಂತೆ ಸರಾಯಿಗಳನ್ನು ಕಟ್ಟಿಸಿದುದು ಶಾಲೆಯ ಮಕ್ಕಳಿಗೂ ತಿಳಿದ ವಿಷಯ. ಅದಕ್ಕಿಂತ ಮುಖ್ಯವಾದ ಅವನ ಕಟ್ಟಳೆಯೊಂದನ್ನು ಅಬ್ಬಾಸ್ ಸರ್ವಾನಿಯು ಬರೆದಿಟ್ಟಿದ್ದಾನೆ. ಯಾವ ಗ್ರಾಮದ ಎಲ್ಲೆಯಲ್ಲಿ ಕಳವು ನಡೆಯಿತೋ ಆ ಗ್ರಾಮದ ಮುಕದ್ದಮನು, ಎಂದರೆ ನಮ್ಮ ಕಡೆಯ ಗೌಡನಂಥವನು, ಕಳ್ಳನನ್ನು ಹಿಡಿದುಕೊಡಬೇಕು. ಇಲ್ಲವೆ ನಷ್ಟವನ್ನು ತಾನೇ ತುಂಬಿಕೊಡಬೇಕು. ಅಬುಲ್ ಫಜಲನ ‘ಆಯಿನ್-ಇ-ಅಕ್ಬರಿ’ಯೂ ಇದೇ ತತ್ತ್ವವನ್ನು ನಗರಕ್ಕೆ ಅನ್ವಯಿಸುತ್ತದೆ. ಕೊತ್ವಾಲನು ರಾತ್ರಿಯ ಗಸ್ತನ್ನು ನಡೆಸಬೇಕು. ಮೊಹಲ್ಲೆ ಮೊಹಲ್ಲೆಗೂ ಒಬ್ಬ ಮುಖ್ಯಸ್ಥನನ್ನು ನೇಮಿಸಿ ಬಂದವರು ಹೋದವರ ಲೆಕ್ಕವಿಡಬೇಕು. ಗುರುತಿಲ್ಲದ ಪರಸ್ಥಳದವರಿಗೆ ಪ್ರತ್ಯೇಕ ಸರಾಯಿಯನ್ನು ಗೊತ್ತುಮಾಡಬೇಕು. ಕಳವಾದರೆ ಕಳ್ಳನನ್ನೂ ಮಾಲನ್ನೂ ಪತ್ತೆಹಚ್ಚಬೇಕು, ಆಗದಿದ್ದರೆ ನಷ್ಟಕ್ಕೆ ತಾನೇ ಹೊಣೆಯಾಗಬೇಕು.

ಕನ್ನಡ ನಾಡಿಗೂ ಈ ಪದ್ಧತಿ ಹೊಸದಾಗಿರಲಿಲ್ಲ. ೧೪೪೩ರಲ್ಲಿ ವಿಜಯನಗರಕ್ಕೆ ಬಂದ ಪಾರಸಿಕ ರಾಯಭಾರಿ ಅಬ್ದುಲ್ ರಜಾಕನು, ಟಂಕಸಾಲೆಯ ಎದುರಿಗಿದ್ದ ನಗರಾಧಿಕಾರಿಯ ಕಚೇರಿಯನ್ನೂ ಅದರ ಅಧೀನದಲ್ಲಿದ್ದ ಹನ್ನೆರಡು ಸಾವಿರ ಕಾವಲುಗಾರರನ್ನೂ ವರ್ಣಿಸಿದ್ದಾನೆ. ಏಳು ಸುತ್ತಿನ ಕೋಟೆಯೊಳಗೆ ಏನು ಕಳೆದರೂ ಅವರು ಹುಡುಕಿಕೊಡಬೇಕಾಗಿತ್ತು, ಇಲ್ಲವಾದರೆ ದಂಡ ತೆರಬೇಕಾಗಿತ್ತು. ರಜಾಕನ ಸಂಗಡಿಗನೊಬ್ಬನು ಕೊಂಡ ದಾಸರು ಓಡಿಹೋದಾಗ, ಆ ಕೇರಿಯ ಕಾವಲುಗಾರರು ಅವರ ಬೆಲೆಯನ್ನು ತೆತ್ತರಂತೆ. ಓಡಿಹೋದ ಆ ಮನುಷ್ಯರ ಕಡೆಗೆ ಇಂದಿನ ಓದುಗನ ಮನಸ್ಸು ವಾಲುವುದು ಸಹಜ. ಆದರೂ ಪ್ರಕೃತ ವಿಷಯಕ್ಕೆ ಸಂಬಂಧಿಸಿದಂತೆ ಉದಾಹರಣೆ ಸ್ಪಷ್ಟವಾಗಿದೆ. ಊರೂರಿನ ತಳವಾರನ ವೃತ್ತಿಯ ಹಿಂದೆ ಇದ್ದುದೂ ಇಂಥ ಹೊಣೆಯೇ.

೧೬೪೮ರಲ್ಲಿ ಶಹಜಹಾನನ ಆಸ್ಥಾನವು ಹೊಸ ಕೋಟೆಗೆ ಬಂದ ತರುವಾಯ, ಚಾಂದನಿ ಚೌಕದ ಕೊತ್ವಾಲಿಯು ದಿಲ್ಲಿಯ ರಾತ್ರಿಯ ಕೇಂದ್ರವಾಯಿತು. ಅದೇ ಬೀದಿಯಲ್ಲಿ ಬಾದಶಹನ ಮಗಳು ಜಹಾನಾರಾ ಬೇಗಮಳು ಕಟ್ಟಿಸಿದ ಸರಾಯಿಯನ್ನು ಫ್ರೆಂಚ್ ವೈದ್ಯ ಬರ್ನಿಯೆ ಕಂಡು ಮೆಚ್ಚಿಕೊಂಡನು. ಪಾರಸಿಕರೂ ಉಜ್ಬೇಕರೂ ಆದ ದೊಡ್ಡ ವರ್ತಕರು ಅಲ್ಲಿ ನಿರ್ಭಯವಾಗಿ ತಂಗುತ್ತಿದ್ದರು, ರಾತ್ರಿ ಅದರ ಹೆಬ್ಬಾಗಿಲನ್ನು ಮುಚ್ಚುತ್ತಿದ್ದರು. ಇಂಥ ಕೆಲವು ಕಟ್ಟಡಗಳು ಪ್ಯಾರಿಸ್ಸಿನಲ್ಲಿದ್ದರೆ ಹೊಸದಾಗಿ ಬಂದವರು ಸುರಕ್ಷಿತವಾದ ಬಿಡಾರಕ್ಕಾಗಿ ಅಷ್ಟು ಕಷ್ಟಪಡಬೇಕಾಗಿರಲಿಲ್ಲ ಎಂಬುದು ಅವನ ಅಭಿಪ್ರಾಯ. ದಿಲ್ಲಿಯನ್ನು ಕಂಡು ಪ್ಯಾರಿಸ್ಸು ಕಲಿಯಬೇಕೆಂದು ಒಬ್ಬ ಫ್ರೆಂಚನು ಬರೆದ ಕಾಲ ಒಂದಿತ್ತೆಂಬುದನ್ನು ನೆನೆಯಬೇಕು. ಊರು ಬಿಟ್ಟು ಬಂದವರಿಗೆ ಆಶ್ರಯವನ್ನಿತ್ತ ಆ ಸರಾಯಿ ೧೮೫೭ರ ಅನಂತರ ನೆಲಸಮವಾಯಿತು. ಆ ಸ್ಥಳದಲ್ಲಿ ಟೌನ್ ಹಾಲ್ ಎದ್ದಿತು.

ರಾತ್ರಿಯೆಂದರೆ ಭಯವೊಂದೇ ಆಗಿರಲಿಲ್ಲ. ಎರಡನೆಯ ಅಕ್ಬರನ ಕಾಲದಲ್ಲಿ ಆರಂಭವಾದ ‘ಫೂಲ್ ವಾಲೋಂ ಕೀ ಸೈರ್’ ಎಂಬ ಉತ್ಸವಕ್ಕಾಗಿ ನಗರಕ್ಕೆ ನಗರವೇ ಗೋಡೆಯಾಚೆಗೆ ಮೆಹರೌಲಿಯವರೆಗೆ ಹೋಗುತ್ತಿತ್ತು. ಹೂವಿನ ಪಂಖಗಳ ಮೆರವಣಿಗೆಯು ದೀವಟಿಗೆಗಳ ಬೆಳಕಿನಲ್ಲಿ ಯೋಗಮಾಯಾ ದೇವಿಯ ಗುಡಿಗೂ ಖ್ವಾಜಾ ಬಖ್ತಿಯಾರ್ ಕಾಕಿಯ ದರ್ಗಾಕ್ಕೂ ಸಾಗುತ್ತಿತ್ತು. ಬಲ್ಬನನಿಗೆ ಮೊದಲು ಹಗಲಿನಲ್ಲಿಯೂ ಹೆಜ್ಜೆಯಿಡಲಂಜುತ್ತಿದ್ದ ಮೆಹರೌಲಿಯ ಕೆರೆಯ ಪ್ರದೇಶದಲ್ಲಿಯೇ ಸಾವಿರಾರು ಜನ ರಾತ್ರಿಯನ್ನು ಕಳೆಯುತ್ತಿದ್ದರು. ಅವರ ರಕ್ಷಣೆಗಿದ್ದುದು ಬೆಳಕು ಮತ್ತು ಜನಸಂದಣಿ. ೧೯೪೨ರಲ್ಲಿ ಬ್ರಿಟಿಷರು ಈ ಉತ್ಸವವನ್ನು ನಿಲ್ಲಿಸಿದರು. ೧೯೬೦ರ ದಶಕದ ಆರಂಭದಲ್ಲಿ ಜವಾಹರಲಾಲ ನೆಹರೂ ಅವರ ಪ್ರೋತ್ಸಾಹದಿಂದ ಅದು ಮತ್ತೆ ನಡೆಯತೊಡಗಿತು. ಕರಾವಳಿಯವರಿಗೆ ಇಲ್ಲಿ ಬಯಲಾಟದ ನೆನಪಾಗದಿರದು. ಇಡಿಯ ರಾತ್ರಿ ನಡೆದು ಬೆಳಗಿನ ಜಾವಕ್ಕೆ ಮಂಗಳ ಹಾಡುವ ಆಟದ ದೀರ್ಘತೆಗೆ ಕಲೆಯ ಕಾರಣಗಳಿದ್ದೇ ಇವೆ. ಆದರೆ ಪ್ರೇಕ್ಷಕರು, ಮುಖ್ಯವಾಗಿ ಹೆಂಗಸರೂ ಮಕ್ಕಳೂ, ಕತ್ತಲಲ್ಲಿ ಗುಡ್ಡ ತೋಡು ದಾಟಿ ಮನೆಗೆ ಹೋಗಬೇಕಾಗಿರಲಿಲ್ಲವೆಂಬ ಪ್ರಯೋಜನವೂ ಅದರಲ್ಲಿತ್ತು. ಬರುವಾಗ ಸೂಟೆಯ ಬೆಳಕು, ಹೋಗುವಾಗ ಸೂರ್ಯನ ಬೆಳಕು. ದಿಲ್ಲಿಯ ನಾಟಕಶಾಲೆಗಳು ರಾತ್ರಿಯ ನಡುವೆ ಪ್ರೇಕ್ಷಕನನ್ನು ಬೀದಿಗೆ ಬಿಡುತ್ತವೆ.

೧೮೫೭ರ ಸಂಗ್ರಾಮದ ಅನಂತರ ಹಳೆಯ ವ್ಯವಸ್ಥೆ ಮುರಿದುಬಿತ್ತು. ನಗರದ ಜನರನ್ನು ಗೋಡೆಯಾಚೆಗೆ ಅಟ್ಟಲಾಯಿತು. ಮರಳಿ ಬಂದು ನೆಲಸಲು ಟಿಕೀಟು ಬೇಕಾಯಿತು. ಸಂಗ್ರಾಮಕ್ಕೆ ಮುಂಚೆ ದಿಲ್ಲಿಯ ಕೊತ್ವಾಲರಾಗಿದ್ದ ಗಂಗಾಧರ ನೆಹರೂ ಅವರು ಜವಾಹರಲಾಲರ ಅಜ್ಜ. ಆ ಕುಟುಂಬವು ದಿಲ್ಲಿಯನ್ನು ಬಿಟ್ಟು ಹೊರಟಾಗ ನಡೆದ ಪ್ರಸಂಗವನ್ನು ಜವಾಹರಲಾಲರು ಆತ್ಮಚರಿತ್ರೆಯಲ್ಲಿ ಹೇಳಿದ್ದಾರೆ. ಜೊತೆಯಲ್ಲಿದ್ದ ಪುಟ್ಟ ಹುಡುಗಿಯ ಮೈಬಣ್ಣ ಬಹಳ ಬಿಳುಪಾಗಿದ್ದುದರಿಂದ, ಆಂಗ್ಲ ಸಿಪಾಯಿಗಳು ಅವಳನ್ನು ಅಪಹರಿಸಿ ತಂದ ಆಂಗ್ಲ ಬಾಲಿಕೆಯೆಂದು ಭಾವಿಸಿದರು. ಅಣ್ಣನಿಗೆ ಇಂಗ್ಲಿಷ್ ಬರುತ್ತಿದ್ದುದರಿಂದ ಕ್ಷಣಕಾಲ ಸಾವು ಮುಂದೆ ಹೋಯಿತು. ಅಷ್ಟರಲ್ಲಿ ಪರಿಚಯದವರೊಬ್ಬರು ಆ ದಾರಿಯಲ್ಲಿ ಬಂದು ಬಿಡಿಸಿದರು. ನಗರದ ಇರುಳನ್ನು ಕಾದ ಕೊತ್ವಾಲನ ಮಕ್ಕಳಿಗೇ ದಾರಿಯಲ್ಲಿ ರಕ್ಷೆಯಿರಲಿಲ್ಲ.

೧೮೬೧ರ ಪೊಲೀಸ್ ಶಾಸನದೊಡನೆ ಹೊಸ ವ್ಯವಸ್ಥೆ ಬಂದಿತು. ಆ ವರ್ಷ ಅಕ್ಟೋಬರ್ ೧೮ರಂದು ಸಬ್ಜಿಮಂಡಿಯ ಠಾಣೆಯಲ್ಲಿ ದಾಖಲಾದ ಕಳವಿನ ದೂರು ದಿಲ್ಲಿಯ ಮೊದಲನೆಯ ಪ್ರಥಮ ವರ್ತಮಾನ ವರದಿ. ಇಲ್ಲಿಂದ ಮುಂದೆ ಪೊಲೀಸರ ಕರ್ತವ್ಯ ದೂರನ್ನು ಬರೆದುಕೊಂಡು ತನಿಖೆ ನಡೆಸುವುದಾಯಿತು. ನಷ್ಟವನ್ನು ತುಂಬಿಕೊಡುವ ಹಳೆಯ ಹೊಣೆ ಅವರ ಮೇಲೆ ಉಳಿಯಲಿಲ್ಲ. ಹಳೆಯ ಪದ್ಧತಿಯಲ್ಲಿ ಅನ್ಯಾಯವಿರಲಿಲ್ಲವೆಂದಲ್ಲ. ದಂಡದ ಭಯಕ್ಕೆ ಕೊತ್ವಾಲನು ನಿರಪರಾಧಿಗಳನ್ನು ಹಿಡಿದು ಹಿಂಸಿಸುವ ಸಂಭವ ಹೆಚ್ಚಾಗಿಯೇ ಇತ್ತು. ಆದರೂ ಹೊಣೆಯ ಕೊಂಡಿ ಕಳಚಿದ ಮೇಲೆ, ಆ ಹೊತ್ತಿನಲ್ಲಿ ನೀನು ಅಲ್ಲಿಗೆ ಏಕೆ ಹೋದೆ ಎಂದು ನೊಂದವರನ್ನೇ ಕೇಳುವುದು ಸುಲಭವಾಯಿತು.

೧೯೧೧ರಲ್ಲಿ ರಾಜಧಾನಿ ಕಲ್ಕತ್ತೆಯಿಂದ ಬರುವುದೆಂದು ಘೋಷಿತವಾಗಿ, ೧೯೩೧ರಲ್ಲಿ ಹೊಸದಿಲ್ಲಿಯ ಉದ್ಘಾಟನೆಯಾಯಿತು. ಹಳೆಯ ನಗರದ ಇಕ್ಕಟ್ಟಾದ ಗಲ್ಲಿಯಲ್ಲಿ ಪ್ರತಿ ಬಾಗಿಲ ಹಿಂದೆಯೂ ಒಂದು ಕಿವಿಯಿತ್ತು. ಹೊಸ ನಗರದ ಅಗಲವಾದ ಸಾಲುಮರದ ರಸ್ತೆಗಳಲ್ಲಿ ಬಂಗಲೆಯಿಂದ ಬಂಗಲೆಗೆ ಕೂಗಿದರೂ ಕೇಳದು. ಮೋಟಾರಿದ್ದವನಿಗಾಗಿ ರಚಿತವಾದ ಆ ನಗರದಲ್ಲಿ ಗುಮಾಸ್ತನು ಸೈಕಲ್ಲನ್ನೋ ಟಾಂಗಾವನ್ನೋ ಆಶ್ರಯಿಸಬೇಕಾಯಿತು. ೧೯೦೮ರಲ್ಲಿ ಓಡತೊಡಗಿದ ಟ್ರಾಮು ಹಳೆಯ ದಿಲ್ಲಿಯ ಬೀದಿಗಳಿಗೇ ಸೀಮಿತವಾಗಿದ್ದು ೧೯೬೩ರಲ್ಲಿ ನಿಂತುಹೋಯಿತು.

ಸ್ವಾತಂತ್ರ್ಯಾನಂತರ ಕೇಂದ್ರ ಸರಕಾರದ ಕಚೇರಿಗಳಿಗೆ ಬಂದ ಕನ್ನಡಿಗರು ಕಂಡದ್ದು ಈ ದಿಲ್ಲಿಯನ್ನು. ೧೯೪೮ರಲ್ಲಿ ದಿಲ್ಲಿ ಕರ್ನಾಟಕ ಸಂಘ ಸ್ಥಾಪನೆಯಾದ ವರ್ಷವೇ, ಅದುವರೆಗೆ ಖಾಸಗಿ ಕಂಪನಿಯೊಂದರ ಕೈಯಲ್ಲಿದ್ದ ನಗರದ ಬಸ್ಸುಗಳನ್ನು ಸರಕಾರ ವಹಿಸಿಕೊಂಡಿತು. ಕರೋಲ್ ಬಾಗಿನಲ್ಲಿ, ಲೋದಿ ಕಾಲೊನಿಯಲ್ಲಿ, ಆಮೇಲೆ ರಾಮಕೃಷ್ಣಪುರದಲ್ಲಿ ನೆಲಸಿದ ದಕ್ಷಿಣದವರಿಗೆ ನಗರವೆಂಬುದು ಬಸ್ಸಿನ ಸಂಖ್ಯೆಗಳ ಪಟ್ಟಿಯೇ ಆಗಿತ್ತು. ವರ್ತುಲ ರಸ್ತೆಯನ್ನು ಸುತ್ತುವ ‘ಮುದ್ರಿಕಾ’ ಒಂದಕ್ಕೆ ಮಾತ್ರ ಹೆಸರಿತ್ತು. ಶಾಕುಂತಲದ ನೆನಪು ತರುವ ಆ ಹೆಸರನ್ನಿಟ್ಟವನು ರಸಿಕನಿರಬೇಕು. ಬಸ್ಸು ತಪ್ಪಿದವನಿಗೆ ಬಡಾವಣೆಯ ಮೂಲೆಯ ಟ್ಯಾಕ್ಸಿ ಸ್ಟ್ಯಾಂಡು ಇತ್ತು. ಅಲ್ಲಿ ಹಗ್ಗದ ಮಂಚದ ಮೇಲೆ ಮಲಗಿರುತ್ತಿದ್ದ ಸರ್ದಾರ್ಜಿಗೆ ಮನೆ ಮನೆಯ ಗುರುತಿತ್ತು. ನಡುರಾತ್ರಿಯ ರೈಲಿಗೆ ಹೆಂಡತಿ ಮಕ್ಕಳನ್ನು ಅವನೊಡನೆ ಕಳುಹಿಸುವುದಕ್ಕೆ ಯಾರೂ ಅಂಜುತ್ತಿರಲಿಲ್ಲ. ಗುರುತಿರುವವನು ಕಾಯುತ್ತಾನೆ ಎಂಬ ಮೊಹಲ್ಲೆಯ ಹಳೆಯ ನಂಬಿಕೆ ಸರಕಾರಿ ಬಡಾವಣೆಯಲ್ಲಿ ಈ ರೂಪದಲ್ಲಿ ಮುಂದುವರಿಯಿತು.

ಆ ನಂಬಿಕೆಗೆ ಎರಡು ಪೆಟ್ಟುಗಳು ಬಿದ್ದವು. ೧೯೭೮ರ ಜುಲೈ ೧ರಂದು ದಿಲ್ಲಿಯ ಪೊಲೀಸರಿಗೆ ಕಮಿಷನರ್ ಪದ್ಧತಿ ಜಾರಿಗೆ ಬಂದು ಎರಡು ತಿಂಗಳು ತುಂಬುವ ಮೊದಲೇ, ಆಗಸ್ಟ್ ೨೬ರ ಸಂಜೆ, ಗೀತಾ ಮತ್ತು ಸಂಜಯ್ ಚೋಪ್ರಾ ಎಂಬ ಅಕ್ಕತಮ್ಮಂದಿರು ಆಕಾಶವಾಣಿಯ ಯುವಜನ ಕಾರ್ಯಕ್ರಮಕ್ಕೆಂದು ಮನೆಯಿಂದ ಹೊರಟು, ಮಳೆಯಲ್ಲಿ ಯಾರದೋ ಕಾರನ್ನು ಹತ್ತಿದರು. ಎರಡು ದಿನಗಳ ಮೇಲೆ ಅವರ ದೇಹಗಳು ಗುಡ್ಡಗಾಡಿನ ಪೊದೆಯಲ್ಲಿ ದೊರೆತವು. ಆಕಾಶವಾಣಿಯ ಕನ್ನಡ ವಾರ್ತೆಗಳು ದಶಕಗಳ ಕಾಲ ದಿಲ್ಲಿಯಿಂದಲೇ ಪ್ರಸಾರವಾಗುತ್ತಿದ್ದುದರಿಂದ, ಸಂಸದ್ ಮಾರ್ಗದ ಆ ಕಟ್ಟಡ ಕನ್ನಡಿಗರಿಗೆ ದೂರದ್ದಾಗಿರಲಿಲ್ಲ. ಕಾರಿನವರು ಕರೆದರೆ ಹತ್ತಿಕೊಳ್ಳುವ ರೂಢಿ ಅಂದಿಗೆ ದಿಲ್ಲಿಯ ಮನೆಗಳಲ್ಲಿ ನಿಷಿದ್ಧವಾಯಿತು. ಮಕ್ಕಳ ಶೌರ್ಯಕ್ಕೆ ಕೊಡುವ ರಾಷ್ಟ್ರೀಯ ಪುರಸ್ಕಾರಗಳಲ್ಲಿ ಎರಡಕ್ಕೆ ಆ ಮಕ್ಕಳ ಹೆಸರನ್ನು ಇಡಲಾಯಿತು. ಎರಡನೆಯದು ೧೯೮೪ರ ನವೆಂಬರ್. ಇಂದಿರಾ ಗಾಂಧಿಯವರ ಹತ್ಯೆಯ ಬೆನ್ನಲ್ಲಿಯೇ ನಡೆದ ಸಿಖ್ಖರ ಮಾರಣಹೋಮದಲ್ಲಿ ಟ್ಯಾಕ್ಸಿ ಸ್ಟ್ಯಾಂಡುಗಳು ಉರಿದವು. ಅನೇಕ ಚಾಲಕರು ಕೊಲೆಯಾದರು. ಇತರರನ್ನು ರಾತ್ರಿ ಮನೆ ಮುಟ್ಟಿಸುತ್ತಿದ್ದವರನ್ನು ನಗರವು ಹಗಲಿನಲ್ಲಿಯೂ ಉಳಿಸಿಕೊಳ್ಳಲಿಲ್ಲ. ದಿಲ್ಲಿಯ ಸಂಚಾರದ ಇತಿಹಾಸವನ್ನು ಬರೆಯುವವರು ಇದನ್ನು ಬಿಟ್ಟುಬಿಡುವುದುಂಟು, ಬಿಡಬಾರದು.

೧೯೯೨ರಿಂದ ಖಾಸಗಿ ಬಸ್ಸುಗಳಿಗೆ ದಾರಿ ತೆರೆದುದರ ಕಥೆ ದೀರ್ಘವಾದುದು. ರೆಡ್‌ಲೈನ್, ಆಮೇಲೆ ಬ್ಲೂಲೈನ್ ಎಂಬ ಹೆಸರುಗಳಿಂದ ಓಡಿದ ಅವು ಪ್ರಯಾಣಿಕರನ್ನು ಹಿಡಿಯುವ ಪೈಪೋಟಿಯಲ್ಲಿ ಪಾದಚಾರಿಗಳ ಮೇಲೆ ಹರಿದು ಕುಖ್ಯಾತವಾಗಿ, ೨೦೧೦ರ ಅನಂತರ ಹಿಂತೆಗೆಯಲ್ಪಟ್ಟವು. ೨೦೦೨ರ ಡಿಸೆಂಬರಿನಲ್ಲಿ ಶಹದರಾದಿಂದ ತೀಸ್ ಹಜಾರಿಯವರೆಗೆ ಮೆಟ್ರೋ ಓಡಿತು. ೨೦೧೦ರ ಅಕ್ಟೋಬರಿನಿಂದ ಅದರ ಮೊದಲನೆಯ ಡಬ್ಬಿ ಹೆಂಗಸರಿಗೆ ಮೀಸಲಾಯಿತು. ನಗರದ ಹಣೆಬರಹ ಬದಲಾದಂತೆಯೇ ತೋರಿತು. ಆದರೆ ಮೆಟ್ರೋ ನಿಲ್ದಾಣದಿಂದ ಮನೆಯವರೆಗಿನ ದಾರಿಯಲ್ಲಿ ಬದಲಾವಣೆಯಾಗಿರಲಿಲ್ಲ.

೨೦೧೨ರ ಡಿಸೆಂಬರ್ ೧೬ರ ರಾತ್ರಿ ಸಾಕೇತಿನಲ್ಲಿ ಚಲಚ್ಚಿತ್ರವನ್ನು ನೋಡಿ ಹೊರಟ ಯುವತಿಯೂ ಅವಳ ಸ್ನೇಹಿತನೂ ದ್ವಾರಕೆಯ ದಿಕ್ಕಿಗೆ ಹೋಗಬೇಕಾಗಿತ್ತು. ಆಟೋದಲ್ಲಿ ಮುನಿರ್ಕಾವರೆಗೆ ಬಂದು, ಅಲ್ಲಿಯ ನಿಲ್ದಾಣದಲ್ಲಿ ಕಾದು, ಕರೆದ ಖಾಸಗಿ ಬಸ್ಸೊಂದನ್ನು ಹತ್ತಿದರು. ಆಗ ರಾತ್ರಿ ಒಂಬತ್ತು ಗಂಟೆ ಕಳೆದಿತ್ತಷ್ಟೆ, ಮಹಾನಗರದಲ್ಲಿ ಅದು ಅಪರಾತ್ರಿಯಲ್ಲ. ಹಾಗೆ ಪ್ರಯಾಣಿಕರನ್ನು ಹತ್ತಿಸಿಕೊಳ್ಳುವ ಅನುಮತಿ ಆ ಬಸ್ಸಿಗೆ ಇರಲಿಲ್ಲ. ಒಳಗೆ ಅತ್ಯಾಚಾರವೂ ಹಲ್ಲೆಯೂ ನಡೆಯುತ್ತಿದ್ದಂತೆ ಅದು ದಕ್ಷಿಣ ದಿಲ್ಲಿಯ ಹೆದ್ದಾರಿಗಳಲ್ಲಿ ತಡೆಯಿಲ್ಲದೆ ಸುತ್ತಾಡಿತು. ಕೊನೆಗೆ ಇಬ್ಬರನ್ನೂ ಮಹಿಪಾಲಪುರದ ಬಳಿ ರಸ್ತೆಯ ಬದಿಗೆ ಎಸೆಯಲಾಯಿತು. ಯುವತಿ ಡಿಸೆಂಬರ್ ೨೯ರಂದು ಸಿಂಗಪುರದ ಆಸ್ಪತ್ರೆಯಲ್ಲಿ ಪ್ರಾಣಬಿಟ್ಟಳು. ರಾವ್ ತುಲಾರಾಮ್ ಮಾರ್ಗದಲ್ಲಿರುವ ಕರ್ನಾಟಕ ಸಂಘದ ಭವನಕ್ಕೆ ಮುನಿರ್ಕಾ ನೆರೆಯ ಪ್ರದೇಶ. ನಾಟಕವನ್ನೋ ಸಂಗೀತವನ್ನೋ ಮುಗಿಸಿ ಅಲ್ಲಿಂದ ಹೊರಬೀಳುವ ಕುಟುಂಬಗಳಿಗೆ ಅದು ದಿನಬಳಕೆಯ ದಾರಿ. ಈ ಘಟನೆಯನ್ನು ದೂರದ ಸುದ್ದಿಯೆಂದು ಓದುವ ಸೌಲಭ್ಯ ದಿಲ್ಲಿಯ ಕನ್ನಡಿಗರಿಗೆ ಇರಲಿಲ್ಲ.

ಅದೇ ವರ್ಷದ ಮಾರ್ಚ್ ತಿಂಗಳಲ್ಲಿ ಗುರುಗ್ರಾಮದಲ್ಲಿ, ರಾತ್ರಿ ಕೆಲಸ ಮುಗಿಸಿ ಹೊರಟ ಯುವತಿಯೊಬ್ಬಳ ಮೇಲೆ ಅತ್ಯಾಚಾರ ನಡೆದಾಗ ಆಡಳಿತವು ಕೈಕೊಂಡ ಕ್ರಮವನ್ನು ಇದರೊಡನೆ ಇಟ್ಟು ನೋಡಬೇಕು. ಕಾರ್ಮಿಕ ಇಲಾಖೆಯ ಒಪ್ಪಿಗೆಯಿಲ್ಲದೆ ರಾತ್ರಿ ಎಂಟರ ಅನಂತರ ಹೆಂಗಸರನ್ನು ದುಡಿಸಿಕೊಳ್ಳಕೂಡದೆಂದು ಅಂಗಡಿ ಮಳಿಗೆಗಳಿಗೆ ಆಜ್ಞೆ ಹೊರಟಿತು. ದಾರಿಯಲ್ಲಿ ಭಯವಿದೆ, ಆದುದರಿಂದ ದಾರಿಗೆ ಬರಬೇಡಿ. ಹದಿಮೂರನೆಯ ಶತಮಾನದಲ್ಲಿ ಹೊತ್ತಿಗೆ ಮುಂಚೆ ಮುಚ್ಚಿದ ಬಾಗಿಲಿಗೂ ಈ ಆಜ್ಞೆಗೂ ಇರುವ ಹೋಲಿಕೆ ಆಕಸ್ಮಿಕವಲ್ಲ. ವಿದ್ಯಾರ್ಥಿನಿಲಯಗಳ ನಿಯಮಗಳಲ್ಲಿಯೂ ಇದೇ ನೀತಿಯಿತ್ತು. ಹುಡುಗರು ಗ್ರಂಥಾಲಯದಲ್ಲಿ ಓದುತ್ತಿರುವಾಗ ಹುಡುಗಿಯರು ಒಳಗೆ ಸೇರಿ ಬಾಗಿಲು ಹಾಕಿಸಿಕೊಳ್ಳಬೇಕಾಗಿತ್ತು. ೨೦೧೫ರಲ್ಲಿ ದಿಲ್ಲಿಯ ವಿದ್ಯಾರ್ಥಿನಿಯರು ಇದನ್ನು ಪ್ರತಿಭಟಿಸಿ ಆರಂಭಿಸಿದ ಚಳವಳಿಗೆ ‘ಪಿಂಜರಾ ತೋಡ್’, ಅಂದರೆ ಪಂಜರವನ್ನು ಮುರಿ, ಎಂದೇ ಹೆಸರಿಟ್ಟರು.

ನ್ಯಾಯಮೂರ್ತಿ ಜೆ. ಎಸ್. ವರ್ಮಾ ಅವರ ಸಮಿತಿಯು ಇಪ್ಪತ್ತೊಂಬತ್ತು ದಿನಗಳಲ್ಲಿ ಕಾರ್ಯ ಮುಗಿಸಿ ೨೦೧೩ರ ಜನವರಿ ೨೩ರಂದು ವರದಿಯನ್ನು ಒಪ್ಪಿಸಿತು. ಸುಮಾರು ೮೦,೦೦೦ ಸಲಹೆಗಳು ಅದಕ್ಕೆ ಬಂದಿದ್ದವು. ಆ ವರ್ಷದ ಅಪರಾಧ ಶಾಸನದ ತಿದ್ದುಪಡಿಯೂ ಅದರಿಂದಲೇ ಹುಟ್ಟಿತು. ಅದರಲ್ಲಿ ಸೇರಿದ ಶಿಕ್ಷೆಗಳ ಚರ್ಚೆಯೇ ಪತ್ರಿಕೆಗಳಲ್ಲಿ ಹೆಚ್ಚಾಗಿ ನಡೆಯಿತು. ವರದಿಯ ತಿರುಳು ಬೇರೆಯಿದೆ. ಈ ಅಭದ್ರತೆಗೆ ಮೂಲಕಾರಣ ಆಡಳಿತದ ವೈಫಲ್ಯವೆಂದು ಸಮಿತಿಯು ಸ್ಪಷ್ಟವಾಗಿ ಹೇಳಿತು. ಬೀದಿಯ ದೀಪ, ಸಾರ್ವಜನಿಕ ವಾಹನ, ಪೊಲೀಸರ ನಡವಳಿಕೆ ಇವೆಲ್ಲ ಹೊಣೆಯ ಲೆಕ್ಕಕ್ಕೆ ಮರಳಿ ಬಂದವು. ೧೮೬೧ರಲ್ಲಿ ಕಳಚಿದ ಕೊಂಡಿಯನ್ನು, ಕೊತ್ವಾಲನ ಕಾಲದ ಕ್ರೌರ್ಯವಿಲ್ಲದೆ, ಮತ್ತೆ ಬೆಸೆಯುವ ಪ್ರಯತ್ನವಿದು ಎನ್ನಬಹುದು. ಆ ವರ್ಷವೇ ಸಾವಿರ ಕೋಟಿ ರೂಪಾಯಿಗಳ ನಿರ್ಭಯಾ ನಿಧಿ ಸ್ಥಾಪಿತವಾಯಿತು. ೧೮೧ ಎಂಬ ಮಹಿಳಾ ಸಹಾಯವಾಣಿಯೂ, ಕಾಲಾನಂತರದಲ್ಲಿ ಎಲ್ಲ ತುರ್ತು ಕರೆಗಳಿಗೂ ೧೧೨ ಎಂಬ ಸಂಖ್ಯೆಯೂ ಬಂದವು. ೨೦೧೯ರ ಅಕ್ಟೋಬರ್ ೨೯ರಿಂದ ದಿಲ್ಲಿಯ ಬಸ್ಸುಗಳಲ್ಲಿ ಹೆಂಗಸರಿಗೆ ಉಚಿತವಾಗಿ ಗುಲಾಬಿ ಚೀಟಿಯನ್ನು ಕೊಡತೊಡಗಿದರು. ಕರ್ನಾಟಕದ ‘ಶಕ್ತಿ’ ಯೋಜನೆ ೨೦೨೩ರ ಜೂನಿನಲ್ಲಿ ಬಂದಾಗ ದಿಲ್ಲಿಯ ಕನ್ನಡಿಗರಿಗೆ ಅದು ಪರಿಚಿತವಾಗಿಯೇ ಕಂಡಿತು. ಇದನ್ನು ದಾನವೆಂದು ಹೀಗಳೆದವರುಂಟು. ಬಸ್ಸಿನಲ್ಲಿ ಹತ್ತು ಜನ ಹೆಂಗಸರು ಕುಳಿತಿದ್ದರೆ ಹನ್ನೊಂದನೆಯವಳು ಅಂಜದೆ ಹತ್ತುತ್ತಾಳೆ ಎಂಬ ಸರಳವಾದ ಲೆಕ್ಕ ಅವರ ಗಮನಕ್ಕೆ ಬಂದಂತಿಲ್ಲ. ಮೆಹರೌಲಿಯ ಉತ್ಸವದ ಜನಸಂದಣಿ ಮಾಡುತ್ತಿದ್ದುದೂ ಇದನ್ನೇ.

ಇನ್ನೊಂದು ಕಡೆಯಿಂದ ಬಾಗಿಲುಗಳೂ ಹೆಚ್ಚುತ್ತಲೇ ಹೋದವು. ಬಡಾವಣೆಯ ನಿವಾಸಿಗಳ ಸಂಘಗಳು ರಸ್ತೆಗಳಿಗೆ ಅಡ್ಡಲಾಗಿ ಕಬ್ಬಿಣದ ಬಾಗಿಲುಗಳನ್ನಿಟ್ಟು, ರಾತ್ರಿ ಒಂದನ್ನು ಮಾತ್ರ ತೆರೆದು ಉಳಿದವನ್ನು ಮುಚ್ಚುತ್ತವೆ. ನೇಪಾಳದಿಂದಲೋ ಬಿಹಾರದಿಂದಲೋ ಬಂದ ಚೌಕಿದಾರನು ಕೋಲನ್ನು ನೆಲಕ್ಕೆ ಕುಟ್ಟಿ ಸೀಟಿ ಊದುತ್ತಾನೆ. ಮುಚ್ಚಿದ ಬಾಗಿಲು ಕಳ್ಳನನ್ನು ಎಷ್ಟು ತಡೆಯುತ್ತದೆಯೋ ತಿಳಿಯದು; ತಡವಾಗಿ ಬರುವ ದಾದಿಯನ್ನೂ ಅಡುಗೆಯವಳನ್ನೂ ಇನ್ನೊಂದು ಬಾಗಿಲಿನವರೆಗೆ ಕತ್ತಲಲ್ಲಿ ಸುತ್ತಿ ನಡೆಯುವಂತೆ ಮಾಡುವುದಂತೂ ನಿಜ.

೨೦೧೮ರ ಮೇ ೨೯ರಂದು ಮುನಿರ್ಕಾದಲ್ಲಿಯೂ ರಾಮಕೃಷ್ಣಪುರದಲ್ಲಿಯೂ ಮೆಟ್ರೋ ನಿಲ್ದಾಣಗಳು ತೆರೆದವು. ಅದೇ ಆಗಸ್ಟ್ ೬ರಂದು ಮೋತಿ ಬಾಗಿನ ನಿಲ್ದಾಣ ಸರ್ ಎಂ. ವಿಶ್ವೇಶ್ವರಯ್ಯನವರ ಹೆಸರನ್ನು ಹೊತ್ತು ತೆರೆಯಿತು. ಸಂಘದ ಭವನಕ್ಕೆ ಅದು ಹೆಚ್ಚು ದೂರವಲ್ಲ. ಕೊನೆಯ ಗಾಡಿಗಳು ರಾತ್ರಿ ಸುಮಾರು ಹನ್ನೊಂದು ಗಂಟೆಗೆ ಹೊರಟುಹೋಗುತ್ತವೆ. ಅನೇಕ ಬಡಾವಣೆಗಳ ಬಾಗಿಲುಗಳು ಮುಚ್ಚುವುದೂ ಹೆಚ್ಚು ಕಡಿಮೆ ಅದೇ ಹೊತ್ತಿಗೆ.